ಜಿಬಿಎಸ್ ಬಂದು ಮಲಗಿದ್ದ ನನ್ನನ್ನು ಮನೆಯವರು ಹೇಗೆ ಎಬ್ಬಿಸಿದರು – ನಿಮ್ಮ ಅನುಭವವನ್ನೂ ಹೇಳಿ

ರಾಜಾಜಿನಗರದವನು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಈಗ ಬೆರಳುಗಳು ಮಾತು ಕೇಳುತ್ತಿವೆ, ಅದಕ್ಕೇ ಇವತ್ತು ಕೂತೆ.

ನನಗೆ 43 ವರ್ಷ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. 2023ರ ಮಾರ್ಚ್‌ನಲ್ಲಿ ನನಗೆ ಗಿಲಾನ್ ಬಾರೆ ಸಿಂಡ್ರೋಮ್ ಬಂತು. ಚಿಕ್ಕದಾಗಿ ಜಿಬಿಎಸ್ ಅಂತಾರೆ. 2025ರ ಜನವರಿಯಲ್ಲಿ ಪುಣೆಯಲ್ಲಿ ತುಂಬ ಜನರಿಗೆ ಒಟ್ಟಿಗೆ ಬಂದಾಗ ಟಿವಿಯಲ್ಲಿ ಈ ಹೆಸರು ಕೇಳಿರುತ್ತೀರಿ. ನಮಗೆ ಬಂದಾಗ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಮೊದಲು ಎರಡು ದಿನ ಭೇದಿ ಆಯಿತು. ವಾಸಿಯೂ ಆಯಿತು. ಹತ್ತು ದಿನ ಕಳೆದ ಮೇಲೆ ಪಾದ ಜುಮ್ ಅನ್ನತೊಡಗಿತು. ಹೊಸ ಚಪ್ಪಲಿಯ ಕಾಟ ಅಂದುಕೊಂಡೆ. ಮಂಗಳವಾರ ಪ್ರೆಸ್ಸಿನ ಮೆಟ್ಟಿಲ ಮೇಲೆ ಮೊಣಕಾಲು ಮಡಚಿಕೊಂಡು ಕುಸಿದೆ. ಹತ್ತಿರದ ಒಂದು ನರ್ಸಿಂಗ್ ಹೋಮ್‌ನಲ್ಲಿ ವಿಟಮಿನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬುಧವಾರ ರಾತ್ರಿ ನೀರಿನ ಲೋಟ ಎತ್ತಲು ಆಗಲಿಲ್ಲ. ನನ್ನ ತಮ್ಮ ಬೆಳಗಾಗಲಿ ಅಂತ ಕಾಯಲಿಲ್ಲ. ನನ್ನನ್ನು ಬೆನ್ನ ಮೇಲೆ ಹೊತ್ತು ಎರಡು ಮಹಡಿ ಇಳಿದ. ಆಟೋದಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದೆವು. ಇವತ್ತು ನಾನು ಬದುಕಿರುವುದು ಅವನ ಆ ಅವಸರದಿಂದ.

ಅಲ್ಲಿ ಡಾಕ್ಟರ್ ಒಂದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿದರು. ಹದಿನೆಂಟಕ್ಕೆ ನಿಂತೆ. ಕೆಲವು ಗಂಟೆ ಬಿಟ್ಟು ಮತ್ತೆ ಎಣಿಸಿದಾಗ ಹನ್ನೊಂದು. ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದಂತೆ. ಬೆಳಗಿನ ಜಾವ ವೆಂಟಿಲೇಟರ್ ಹಾಕಿದರು.

ನಮಗೆ ಡಾಕ್ಟರ್ ವಿವರಿಸಿದ್ದು ಇಷ್ಟು. ಸೋಂಕು ಬಂದಾಗ ರೋಗಾಣುವಿನ ಜೊತೆ ಹೊಡೆದಾಡಲು ದೇಹ ತಯಾರಾಗುತ್ತದೆ. ಕೆಲವರಲ್ಲಿ ಅದು ಗುರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಬರುತ್ತದೆ. ಚಿಕಿತ್ಸೆ ಎರಡು ಬಗೆ. ಇಮ್ಯುನೋಗ್ಲಾಬುಲಿನ್ ಅನ್ನುವ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುವುದು ಒಂದು. ರಕ್ತದಿಂದ ಪ್ಲಾಸ್ಮಾ ಅನ್ನುವ ದ್ರವ ಭಾಗ ತೆಗೆದು ಬದಲಿ ದ್ರವ ತುಂಬುವುದು ಇನ್ನೊಂದು. ನನಗೆ ಎರಡನೆಯದು, ದಿನ ಬಿಟ್ಟು ದಿನ, ಐದು ಸಲ.

34 ದಿನ ವೆಂಟಿಲೇಟರ್ ಮೇಲಿದ್ದೆ. ಗಂಟಲಲ್ಲಿ ತೂತು ಮಾಡಿ ಕೊಳವೆ ಹಾಕಿದ್ದರು. ಮಾತಿಲ್ಲ. ಕೈ ಇಲ್ಲ, ಕಾಲಿಲ್ಲ. ಆದರೆ ಬುದ್ಧಿ ಪೂರ್ತಿ ಎಚ್ಚರ. ಯಾರು ಏನಂದರೂ ಕೇಳಿಸುತ್ತಿತ್ತು. ಮಂಚದ ಪಕ್ಕ ನಿಂತು 'ಪಾಪ, ಇನ್ನೇನಿದೆ' ಅಂದವರ ಮಾತೂ ಕೇಳಿಸಿತು. ರೋಗಿಯ ಎದುರು ಮಾತಾಡುವಾಗ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ ಟೀಚರ್. ನನ್ನ ಕಣ್ಣುಗುಡ್ಡೆ ಮಾತ್ರ ಆಡುತ್ತದೆ ಅಂತ ಗೊತ್ತಾದ ಮರುದಿನ ಮಗಳ ಕೋಣೆಯ ಗೋಡೆಯಿಂದ ವರ್ಣಮಾಲೆ ಚಾರ್ಟ್ ಕಿತ್ತುಕೊಂಡು ಬಂದಳು. ಕಣ್ಣು ಮೇಲೆತ್ತಿದರೆ ಹೌದು. ಅವಳು ಒಂದೊಂದೇ ಸಾಲು ಕೇಳುತ್ತಾಳೆ. 'ಸ್ವರಾನಾ? ಕ ಸಾಲಾ? ಚ ಸಾಲಾ? ಟ ಸಾಲಾ?' ಸಾಲು ಸಿಕ್ಕ ಮೇಲೆ ಅದರೊಳಗಿನ ಅಕ್ಷರ. ನಾನು ಮೊದಲು ಹೇಳಿದ್ದು 'ಕ', ಆಮೇಲೆ 'ಲ'. ಕಾಲು. ಎಡಗಾಲು ಅಡ್ಡ ಬಿದ್ದಿತ್ತು, ಸರಿ ಮಾಡು ಅಂತ. ಅವಳಿಗೆ ತಕ್ಷಣ ಗೊತ್ತಾಯಿತು. ಒಂಬತ್ತು ದಿನಗಳಲ್ಲಿ ನಾನು ಆಡಿದ ಮೊದಲ ಮಾತು ಅದು.

ಎರಡನೇ ದಿನ ಬೆಳಿಗ್ಗೆ 'ಸ', 'ಕ' ಅಂದೆ. ಅವಳ ಮುಖ ಬಿಳಿಚಿಕೊಂಡಿತು. 'ಸಾಕಾ? ಸಾಕು ಅಂತೀರಾ?' ಅಂದಳು. ಅಳು ಬಂದುಬಿಟ್ಟಿತು ಅವಳಿಗೆ. ನಾನು ಹೇಳಿದ್ದು ಸೆಕೆ. ಬೆನ್ನೆಲ್ಲ ಬೆವೆತು ಒದ್ದೆಯಾಗಿತ್ತು. ತಿದ್ದಲು ದಾರಿ ಇರಲಿಲ್ಲ. ಅಷ್ಟರಲ್ಲಿ ಭೇಟಿ ಸಮಯ ಮುಗಿಯಿತು. ಸಂಜೆವರೆಗೆ ನಾನು ಒಳಗೆ, ಅವಳು ಹೊರಗೆ. ನನ್ನ ಕಾಯಿಲೆಯಲ್ಲಿ ಅದಕ್ಕಿಂತ ಉದ್ದದ ದಿನ ಬೇರೆ ಇಲ್ಲ.

ಸಂಜೆ ಚಾರ್ಟಿನ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಇನ್ನೊಂದು ಸಾಲು ಬರೆದುಕೊಂಡು ಬಂದಳು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಐತ್ವ, ಓತ್ವ. ಮಕ್ಕಳಿಗೆ ಕಾಗುಣಿತ ಕಲಿಸುವ ಅದೇ ಸಾಲು. 'ಸಕ್ಕೆ ಏನು? ಇಳಿನಾ? ಗುಡಿಸಾ?' ಏತ್ವ ಬಂದಾಗ ಕಣ್ಣೆತ್ತಿದೆ. 'ಕಕ್ಕೆ?' ಮತ್ತೆ ಏತ್ವ. ಸೆಕೆ! ಅವಳು ಚಾರ್ಟ್ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ನರ್ಸ್ ಜೊತೆ ಸೇರಿ ಬೆನ್ನು ಒರೆಸಿದಳು.

ಮಿಕ್ಕಿದ್ದನ್ನು ಕೆಳಗೆ ಬರೆಯುತ್ತೇನೆ. ಇಂಥ ಕಾಯಿಲೆಯಿಂದ ಎದ್ದವರು, ಎಬ್ಬಿಸಿದವರು ಇದ್ದರೆ ಹೇಳಿ. ಯಾರು, ಏನು ಮಾಡಿದ್ದು ನಿಜವಾಗಿ ಕೈ ಹಿಡಿಯಿತು?

ಮಾರತಹಳ್ಳಿ ಪಿಜಿ

ಅಣ್ಣ, ಸೆಕೆಯ ಜಾಗಕ್ಕೆ ಬಂದಾಗ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನನ್ನದೂ ಜಿಬಿಎಸ್. ಆದರೆ ಉಸಿರಿಗೆ ತೊಂದರೆ ಆಗಲಿಲ್ಲ. 2021ರಲ್ಲಿ. ನಾನು ರಾಯಚೂರಿನವನು. ಇಲ್ಲಿ ಪಿಜಿಯಲ್ಲಿ ಇದ್ದೆ. ಅವ್ವನಿಗೆ ಕಣ್ಣಿನ ಆಪರೇಶನ್ ಆಗಿತ್ತು, ಬರುವ ಹಾಗಿರಲಿಲ್ಲ. ನನ್ನನ್ನು ನೋಡಿಕೊಂಡದ್ದು ರೂಮಿನ ಮೂವರು ಹುಡುಗರು. ಅವರಲ್ಲಿ ಒಬ್ಬನ ಪರಿಚಯ ಆಗಿ ಎರಡು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ಒಬ್ಬ ಬಾತ್ರೂಮಿಗೆ ಎತ್ತಿಕೊಂಡು ಹೋಗುತ್ತಿದ್ದ. ರಾತ್ರಿ ಶಿಫ್ಟಿನವನು ಹಗಲು ನನ್ನ ಪಕ್ಕ ಮಲಗುತ್ತಿದ್ದ. ಅಡುಗೆ ಮಾಡುವ ಅಕ್ಕ ನನಗೆ ಅಂತ ಬೇರೆಯಾಗಿ ರಾಗಿ ಗಂಜಿ ಕಾಸಿ ಕೊಡುತ್ತಿದ್ದರು. ಚಮಚ ಹಿಡಿಯಲು ಆಗದಿದ್ದಾಗ ಅವರೇ ತಿನ್ನಿಸಿದರು.

'ಮನೆಯವರು' ಅಂದಾಗ ನನಗೆ ಮೊದಲು ನೆನಪಾಗುವುದು ಆ ನಾಲ್ಕು ಜನ. ಬೆಂಗಳೂರಿನಲ್ಲಿ ಯಾರಿಗೆ ಯಾರೂ ಇಲ್ಲ ಅಂತ ಜನ ಹೇಳುವಾಗ ನನಗೆ ಒಪ್ಪಲು ಆಗುವುದಿಲ್ಲ.

ಫಿಸಿಯೋ ಬನಶಂಕರಿ

ನಾನು ಹನ್ನೆರಡು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಮನೆಗೆ ಕರೆತಂದ ಮೇಲೆ ಕುಟುಂಬದವರು ಪ್ರೀತಿಯಿಂದಲೇ ಮಾಡುವ ಕೆಲವು ತಪ್ಪುಗಳಿವೆ. ಅವನ್ನು ಹೇಳಬೇಕು ಅನ್ನಿಸಿತು.

ಮೊದಲನೆಯದು, ಜಾಸ್ತಿ ವ್ಯಾಯಾಮ ಮಾಡಿಸುವುದು. ಬೇಗ ನಡೆಯಲಿ ಅನ್ನುವ ಆಸೆಯಿಂದ ದಿನಕ್ಕೆ ನಾಲ್ಕೈದು ಸಲ ಎಬ್ಬಿಸಿ ನಿಲ್ಲಿಸುತ್ತಾರೆ. ಜಿಬಿಎಸ್‌ನಲ್ಲಿ ಸುಸ್ತಾಗುವ ಮೊದಲೇ ನಿಲ್ಲಿಸಬೇಕು. ಚೂರು ಮಾಡಿ, ವಿಶ್ರಾಂತಿ ಕೊಟ್ಟು, ಮತ್ತೆ ಚೂರು. ಮಿತಿ ಮೀರಿದರೆ ಮರುದಿನ ಕೈಕಾಲು ಇನ್ನೂ ಸೋತಿರುತ್ತವೆ.

ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದು, ಕಾಲನ್ನು ಎಳೆಯುವುದು ಬೇಡ. ಸ್ನಾಯುವಿನಲ್ಲಿ ಬಲ ಇಲ್ಲದಾಗ ಕೀಲಿಗೆ ಕಾವಲು ಇರುವುದಿಲ್ಲ. ಭುಜ ಹಿಡಿದು ಎತ್ತಬೇಡಿ. ಮಲಗಿದಾಗ ಪಾದ ಮುಂದಕ್ಕೆ ಬಾಗಿ ಬೀಳದ ಹಾಗೆ ಸ್ಪ್ಲಿಂಟ್ ಹಾಕಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ ನೋಡುತ್ತಿರಿ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನರವನ್ನು ಕರೆಂಟ್ ವೈರಿನ ಹಾಗೆ ನೆನೆಸಿಕೊಳ್ಳಿ. ಮೇಲಿನ ಹೊದಿಕೆ ಮಾತ್ರ ಹಾಳಾಗಿದ್ದರೆ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಒಳಗಿನ ತಂತಿಯೇ ಹಾಳಾಗಿದ್ದರೆ ಅದು ಮತ್ತೆ ಬೆಳೆಯಬೇಕು, ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ. ಸೊಂಟದಿಂದ ಪಾದಕ್ಕೆ ಎಷ್ಟು ದೂರ ಅಂತ ಅಳೆದು ನೋಡಿ. ಪಾದ ಕೊನೆಗೆ ಎಚ್ಚರವಾಗುವುದು ಇದಕ್ಕೇ. ಎರಡು ವರ್ಷ ಆದಮೇಲೂ ಸುಧಾರಿಸಿದವರನ್ನು ನಾನು ನೋಡಿದ್ದೇನೆ.

ಹನುಮಂತನಗರ

ಎಲ್ಲರ ಮಾತೂ ಓದಿದೆ. ನಾನು ಸ್ವಲ್ಪ ಬೇರೆ ಮಾತು ಹೇಳಬೇಕು.

ನನ್ನ ಯಜಮಾನರಿಗೆ ಇದೇ ಕಾಯಿಲೆ ಬಂದು ಆರು ವರ್ಷ ಆಯಿತು. ಈಗಲೂ ವೀಲ್‌ಚೇರ್‌ನಲ್ಲೇ ಇದ್ದಾರೆ. ಕೈ ಬಂದಿದೆ, ಊಟ ಮಾಡುತ್ತಾರೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಕಾಲು ಬರಲಿಲ್ಲ. ಫಿಸಿಯೋ ತಪ್ಪಿಸಲಿಲ್ಲ. ಪ್ರೀತಿಯೂ ಕಮ್ಮಿ ಆಗಲಿಲ್ಲ. ನಮ್ಮ ಮನೆಗೆ ಬರುವವರು ಏನಂತಾರೆ ಗೊತ್ತಾ? 'ಮನಸ್ಸು ಗಟ್ಟಿ ಮಾಡಿದರೆ ಎದ್ದು ನಡೀತಾರೆ, ನಮ್ಮ ಪರಿಚಯದವರೊಬ್ಬರು ನಡೆದರು.' ಹಾಗೆ ಹೇಳಿ ಹೋದ ರಾತ್ರಿ ಅವರು ನಿದ್ದೆ ಮಾಡುವುದಿಲ್ಲ. ತಾನು ಮನಸ್ಸು ಮಾಡಲಿಲ್ಲವೇನೋ ಅಂತ ಯೋಚಿಸುತ್ತಾರೆ.

ನಡೆದವರ ಕಥೆ ಕೇಳಿ ನನಗೆ ಹೊಟ್ಟೆಕಿಚ್ಚು ಇಲ್ಲ, ದೇವರಾಣೆ. ಆದರೆ ಮನೆಯವರ ಪ್ರೀತಿಯಿಂದ ಎದ್ದೆ ಅಂತ ಬರೆದಾಗ, ಏಳದವರ ಮನೆಯಲ್ಲಿ ಪ್ರೀತಿ ಸಾಲಲಿಲ್ಲ ಅನ್ನುವ ಅರ್ಥ ಬರಬಾರದು.

ರಾಜಾಜಿನಗರದವನು

ಅಕ್ಕ, ನೀವು ಹೇಳಿದ್ದು ಪೂರ್ತಿ ಸರಿ. ಮೇಲೆ 'ಎಬ್ಬಿಸಿದರು' ಅಂತ ಬರೆದದ್ದು ನನ್ನ ತಪ್ಪು. ಕಾಲು ಬಂದದ್ದು ನರ ಬೆಳೆದದ್ದರಿಂದ. ನನ್ನದು ಬೆಳೆಯಿತು, ಅಷ್ಟೇ. ಮನೆಯವರು ಕೊಟ್ಟದ್ದು ಬೇರೆ. ಆ ಹತ್ತು ತಿಂಗಳು ನಾನು ಒಬ್ಬ ಮನುಷ್ಯನಾಗಿಯೇ ಇರುವ ಹಾಗೆ ನೋಡಿಕೊಂಡರು. ಕಾಲು ಬರದಿದ್ದರೂ ಅದು ಅಷ್ಟೇ ದೊಡ್ಡದಾಗಿರುತ್ತಿತ್ತು. ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಮನೆಗೆ ಬಂದ ಮೇಲಿನ ಕೆಲವು ಸಂಗತಿ ಹೇಳುತ್ತೇನೆ. ಒಟ್ಟು 71 ದಿನ ಆಸ್ಪತ್ರೆಯಲ್ಲಿದ್ದೆ. ಬಂದಾಗ ಕೂರಲು ಮಾತ್ರ ಆಗುತ್ತಿತ್ತು. ನೋಡಲು ಬರುವವರು ಜಾಸ್ತಿ. ಒಬ್ಬೊಬ್ಬರದು ಒಂದೊಂದು ಔಷಧಿ, ಒಂದೊಂದು ಹರಕೆ. ಅವರ ಮನಸ್ಸು ಒಳ್ಳೆಯದೇ. ಆದರೆ ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಿ ಹೇಳಿ ಉಸಿರು ಸಾಲುತ್ತಿರಲಿಲ್ಲ. ಮೇಲಿನ ಮನೆಯ ತಾತ ಮಾತ್ರ ದಿನಾ ನಾಲ್ಕು ಗಂಟೆಗೆ ಬರುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಪೇಪರ್ ಓದಿ ಹೇಳಿ ಇಪ್ಪತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಮೂರುವರೆ ಆಗುತ್ತಿದ್ದ ಹಾಗೆ ನನ್ನ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಅಂಗಿ ಗುಂಡಿ ಹಾಕಲು ಕಲಿತದ್ದು ಐದನೇ ತಿಂಗಳಲ್ಲಿ. ಒಂದು ಗುಂಡಿಗೆ ಏಳೆಂಟು ನಿಮಿಷ. ಮಗಳಿಗೆ ಆಗ ಒಂಬತ್ತು ವರ್ಷ. ಎದುರಿಗೆ ಕೂತು ನೋಡುತ್ತಿದ್ದಳು. ಒಂದು ದಿನವೂ ಕೈ ಹಾಕಿ ತಾನೇ ಹಾಕಿಬಿಡಲಿಲ್ಲ. ಅವಳ ಕೈ ಮುಂದೆ ಬಂದು ಹಿಂದೆ ಹೋಗುವುದು ನನಗೆ ಕಾಣುತ್ತಿತ್ತು. ಅಮ್ಮ ಹಾಗಲ್ಲ, ನೋಡಲಾರದೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು.

ಆಮೇಲೆ ಕಂಪ್ಯೂಟರ್. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದೇ ಬೆರಳಿನ ವ್ಯಾಯಾಮ ಆಯಿತು. ಪ್ರೆಸ್ಸಿನ ಮಾಲೀಕರು ನನ್ನ ಕುರ್ಚಿಯನ್ನು ಹಾಗೇ ಉಳಿಸಿ, ಮನೆಗೆ ಚಿಕ್ಕ ಚಿಕ್ಕ ಕೆಲಸ ಕಳಿಸಿದರು. ಮೊದಲು ಮಾಡಿದ್ದು ಒಂದು ಗೃಹಪ್ರವೇಶದ ಆಮಂತ್ರಣ. ಎರಡು ದಿನ ಹಿಡಿಯಿತು. ಅವರು ಅವಸರ ಮಾಡಲಿಲ್ಲ.

ರಾಜಾಜಿನಗರದವನು

ನಾನು ಇವರ ಹೆಂಡತಿ. ಇವರ ಐಡಿಯಿಂದಲೇ ಬರೆಯುತ್ತಿದ್ದೇನೆ.

ಆ 'ಸಾಕು' ದಿನದ ಬಗ್ಗೆ ಹೇಳಬೇಕು. ಹೊರಗೆ ಬಂದು ಮರದ ಕೆಳಗೆ ಕೂತೆ. ಅಲ್ಲಿ ಬಳ್ಳಾರಿ ಕಡೆಯ ಒಬ್ಬ ಅಮ್ಮ ಇದ್ದರು. ಮಗನಿಗೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಅವರು ಏನಾಯಿತು ಅಂತ ಕೇಳಲಿಲ್ಲ, ಧೈರ್ಯ ತಗೋ ಅನ್ನಲಿಲ್ಲ. ಡಬ್ಬಿ ತೆಗೆದು ಚಿತ್ರಾನ್ನದಲ್ಲಿ ಅರ್ಧ ಮುಚ್ಚಳಕ್ಕೆ ಹಾಕಿ ಕೈಗೆ ಕೊಟ್ಟರು. ತಿಂದೆ. ಎರಡು ದಿನದಿಂದ ತಿಂದಿರಲಿಲ್ಲ ಅಂತ ಆಗ ನೆನಪಾಯಿತು. ತಿಂದ ಮೇಲೆ ತಲೆ ಓಡಿತು. 'ಸಕ' ಅಂದರೆ ಸಾಕು ಒಂದೇ ಯಾಕೆ ಆಗಬೇಕು? ಸಾಕು, ಸೆಕೆ, ಸೋಕು, ಏನು ಬೇಕಾದರೂ ಆಗಬಹುದಲ್ವಾ? ಶಾಲೆಯಲ್ಲಿ ಮಕ್ಕಳು ಕಾಗುಣಿತ ಬಿಟ್ಟು ಬರೆದಾಗ ನಾನೇ ತಿದ್ದುತ್ತೇನೆ. ಇವರ ಮಾತಿಗೆ ಬಂದಾಗ ಭಯದಿಂದ ನಾನೇ ಅರ್ಥ ಕಟ್ಟಿಬಿಟ್ಟೆ.

ಜೊತೆಗಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಮೂರನೇ ತಿಂಗಳಲ್ಲಿ ನನಗೆ ಸೊಂಟ ಹಿಡಿದುಕೊಂಡಿತು. ಇವರನ್ನು ಮಂಚದಿಂದ ಕುರ್ಚಿಗೆ ತಪ್ಪಾಗಿ ಎತ್ತಿ ಎತ್ತಿ ಆದದ್ದು. ಎತ್ತುವ ಕ್ರಮವನ್ನು ಫಿಸಿಯೋ ಹತ್ತಿರ ಮೊದಲ ದಿನವೇ ಕಲಿಯಿರಿ. ಯಾರಾದರೂ 'ಏನು ಸಹಾಯ ಬೇಕು' ಅಂದರೆ ಏನೂ ಬೇಡ ಅನ್ನಬೇಡಿ. ನಾನು ಆರು ವಾರ ಹಾಗೇ ಅಂದೆ. ಕೊನೆಗೆ ನಾದಿನಿಗೆ ಬಾಯಿಬಿಟ್ಟು ಹೇಳಿದೆ, 'ಭಾನುವಾರ ಮಧ್ಯಾಹ್ನ ಬಂದು ಮೂರು ಗಂಟೆ ಇವರ ಪಕ್ಕ ಕೂತಿರು, ನಾನು ಮಲಗಬೇಕು.' ಅವಳು ಹತ್ತು ತಿಂಗಳಲ್ಲಿ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಅವಳನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

ತುಮಕೂರು ಮಗಳು

ನಮಸ್ತೆ. ಹುಡುಕುತ್ತಾ ಇಲ್ಲಿಗೆ ಬಂದೆ. ನಮ್ಮ ಅಪ್ಪನಿಗೆ ಜಿಬಿಎಸ್ ಅಂತ ಹೇಳಿದ್ದಾರೆ. 58 ವರ್ಷ. ಬೆಂಗಳೂರಿನ ಆಸ್ಪತ್ರೆಯಲ್ಲಿ ಐಸಿಯುನಲ್ಲಿ ಇದ್ದಾರೆ. ವೆಂಟಿಲೇಟರ್ ಹಾಕಿ ನಾಲ್ಕು ದಿನ ಆಯಿತು. ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಮನೆ, ಹಸು ಎಲ್ಲ ಪಕ್ಕದವರಿಗೆ ಒಪ್ಪಿಸಿ ಬಂದಿದ್ದಾರೆ. ಇಮ್ಯುನೋಗ್ಲಾಬುಲಿನ್ ಕೊಡುತ್ತಿದ್ದಾರೆ. ಬಾಟಲಿ ಲೆಕ್ಕ ಕೇಳಿ ಭಯ ಆಗುತ್ತಿದೆ. ಅಪ್ಪ ಕಣ್ಣು ಬಿಟ್ಟು ನೋಡುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ. ಏನು ಹೇಳಬೇಕು ಗೊತ್ತಾಗುತ್ತಿಲ್ಲ. ಕೊಟ್ಟ ಔಷಧಿ ಕೆಲಸ ಮಾಡುತ್ತಿಲ್ಲವಾ? ನಿನ್ನೆಗಿಂತ ಇವತ್ತು ಕೈ ಇನ್ನೂ ಸೋತಿದೆ.

ಫಿಸಿಯೋ ಬನಶಂಕರಿ

ಮಗಳೇ, ಮೊದಲ ಎರಡು, ಕೆಲವೊಮ್ಮೆ ನಾಲ್ಕು ವಾರದವರೆಗೆ ಬಲ ಕಮ್ಮಿ ಆಗುತ್ತಾ ಹೋಗುವುದುಂಟು. ಆಮೇಲೆ ಹಾಗೇ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ತಿರುಗುತ್ತದೆ. ಆ ಔಷಧಿ ಹಾನಿಯನ್ನು ತಡೆಯುತ್ತದೆ, ಮರುದಿನವೇ ಬಲ ಕೊಡುವುದಿಲ್ಲ. ಬಿಪಿ, ನಾಡಿಮಿಡಿತ ಏರಿಳಿಯಬಹುದು, ಅದನ್ನು ಅವರು ನೋಡುತ್ತಿರುತ್ತಾರೆ. ಸಂಶಯ ಇದ್ದರೆ ಡ್ಯೂಟಿ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಗಾಬರಿಯಲ್ಲಿ ಕೇಳಬೇಕಾದದ್ದು ಮರೆತುಹೋಗುತ್ತದೆ.

ಹನುಮಂತನಗರ

ಹಣದ ವಿಷಯ ನಾನು ಹೇಳುತ್ತೇನಮ್ಮ, ಈ ದಾರಿ ತುಳಿದಿದ್ದೇನೆ. ಆ ಔಷಧಿ ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ ಒಟ್ಟು 2 ಗ್ರಾಂ, ಐದು ದಿನಕ್ಕೆ ಹಂಚಿ ಕೊಡುತ್ತಾರೆ. 65 ಕೆಜಿ ಇದ್ದರೆ 130 ಗ್ರಾಂ. 5 ಗ್ರಾಂ ಬಾಟಲಿಯಾದರೆ 26 ಬಾಟಲಿ. ಅದಕ್ಕೇ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಸಾವಿರಾರು ಜನರು ಕೊಟ್ಟ ಪ್ಲಾಸ್ಮಾದಿಂದ ಅದನ್ನು ತಯಾರಿಸುತ್ತಾರೆ. ನಮ್ಮ ಯಜಮಾನರಿಗೆ ಅದು ಹನಿ ಹನಿಯಾಗಿ ಹೋಗುವಾಗ, ಯಾರೋ ಏನೋ, ಇಷ್ಟು ಜನ ನಮ್ಮ ಜೊತೆ ಇದ್ದಾರೆ ಅಂತ ಅನ್ನಿಸುತ್ತಿತ್ತು.

ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಆಸ್ಪತ್ರೆಯ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕೌಂಟರಿಗೆ ಇವತ್ತೇ ಹೋಗು. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಅಪ್ಪನ ಚಿಕಿತ್ಸೆ ಇದರಲ್ಲಿ ಬರುತ್ತದಾ, ಯಾವ ಕಾಗದ ಬೇಕು ಅಂತ ಅಲ್ಲಿರುವ ಆರೋಗ್ಯಮಿತ್ರರನ್ನೇ ಕೇಳು. ಅಮ್ಮನನ್ನು ಒಬ್ಬರನ್ನೇ ಕಳಿಸಬೇಡ, ನೀನೂ ಹೋಗು.

ರಾಜಾಜಿನಗರದವನು

ತಂಗಿ, ಅಪ್ಪನ ಹತ್ತಿರ ಹೋದಾಗ ಮೊದಲು ಇವತ್ತು ಯಾವ ವಾರ, ಎಷ್ಟು ಗಂಟೆ ಅಂತ ಹೇಳು. ಒಳಗೆ ಹಗಲು ರಾತ್ರಿ ಒಂದೇ ಥರ ಇರುತ್ತದೆ. ಕೈ ಮುಟ್ಟುವ ಮೊದಲು ಮುಟ್ಟುತ್ತೇನೆ ಅಂತ ಹೇಳು, ಚರ್ಮ ಉರಿಯುತ್ತಿರಬಹುದು. ಮನೆ ಸುದ್ದಿ ಹೇಳು. ಡಾಕ್ಟರ್ ಹೇಳಿದ್ದನ್ನು ಮುಚ್ಚಿಡಬೇಡ, ಅವರಿಗೆ ಎಲ್ಲ ಕೇಳಿಸುತ್ತದೆ.

ನಮ್ಮ ಚಾರ್ಟ್ ಇನ್ನೂ ಇದೆ. ಅಂಚು ಹರಿದಿದೆ, ಕಾಗುಣಿತದ ಸಾಲು ಸ್ಪಷ್ಟವಾಗಿದೆ. ಯಾವ ಆಸ್ಪತ್ರೆ ಅಂತ ಖಾಸಗಿಯಾಗಿ ಮೆಸೇಜ್ ಮಾಡು. ನಾಳೆ ನಾನೂ ನನ್ನ ಹೆಂಡತಿಯೂ ಬರುತ್ತೇವೆ. ನಾನು ಈಗ ಮೆಟ್ರೋದಲ್ಲಿ ಒಬ್ಬನೇ ಓಡಾಡುತ್ತೇನೆ, ಎಡಗಾಲಿಗೆ ಸ್ಪ್ಲಿಂಟ್ ಇದೆ ಅಷ್ಟೇ. ಅಮ್ಮನಿಗೆ ಊಟ ತರುತ್ತೇವೆ. ಖಾರ ಕಮ್ಮಿ ಇರಲಾ?

ಮಾರತಹಳ್ಳಿ ಪಿಜಿ

ರಾತ್ರಿ ಕಾಯಲು ಜನ ಬೇಕಿದ್ದರೆ ಹೇಳು ತಂಗಿ. ಶುಕ್ರವಾರ, ಶನಿವಾರ ನನಗೆ ರಜೆ. ನೀವಿಬ್ಬರೂ ಎಲ್ಲಾದರೂ ಕಾಲು ಚಾಚಿ ಮಲಗಿ.

ತುಮಕೂರು ಮಗಳು

ಮೂರು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಅಣ್ಣ, ಅತ್ತಿಗೆ ಬಂದು ಹೋದರು. ಅಣ್ಣ ಅಪ್ಪನ ಮಂಚದ ಹತ್ತಿರ ನಿಂತು, ತಾನೂ ಹೀಗೇ ಮಲಗಿದ್ದೆ ಅಂತ ಹೇಳಿ ಅಂಗಿಯ ಕಾಲರ್ ಸರಿಸಿ ಗಂಟಲಿನ ಗುರುತು ತೋರಿಸಿದರು. ಅಪ್ಪ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

ಕೈಯ ಬಲ ಹಾಗೇ ಇದೆ, ಇನ್ನೂ ಕಮ್ಮಿ ಆಗಿಲ್ಲ. ಕೌಂಟರಿನಲ್ಲಿ ಕಾಗದ ಕೊಟ್ಟಿದ್ದೇವೆ.

ಅತ್ತಿಗೆ ಚಾರ್ಟ್ ಹಿಡಿಯುವುದು ಹೇಗೆ ಅಂತ ಹೇಳಿಕೊಟ್ಟರು. ಇವತ್ತು ಬೆಳಿಗ್ಗೆ ನಾನೇ ಮಾಡಿದೆ. ಅಪ್ಪನಿಗೂ ನನಗೂ ಅಭ್ಯಾಸ ಇಲ್ಲ, ತುಂಬ ಹೊತ್ತು ಆಯಿತು. ಮೊದಲು 'ಹ' ಬಂತು. ಆಮೇಲೆ 'ಸ'. ಪಕ್ಕದಲ್ಲಿದ್ದ ನರ್ಸ್ ಹಸಿವು ಇರಬೇಕು ಅಂದರು. ನಾನೂ ಹಾಗೇ ಅಂದುಕೊಂಡೆ. ಆದರೂ ಅತ್ತಿಗೆ ಹೇಳಿದ್ದರಲ್ಲ, ನಾವೇ ಅರ್ಥ ಕಟ್ಟಬಾರದು ಅಂತ. ಕೆಳಗಿನ ಸಾಲು ಕೇಳಿದೆ. ತಲೆಕಟ್ಟಾ? ಇಳಿನಾ? ಗುಡಿಸಾ? ಕೊಂಬಿಗೆ ಕಣ್ಣು ಮೇಲೆತ್ತಿದರು.

ಹಸು. ನಮ್ಮ ಗೌರಿ ತುಂಬಿದ ಬಸುರಿ ಇದ್ದಳು. ಶನಿವಾರವೇ ಕರು ಹಾಕಿದ್ದಾಳೆ, ನಮಗೆ ಈ ಗಲಾಟೆಯಲ್ಲಿ ಅಪ್ಪನಿಗೆ ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಹೆಣ್ಣು ಕರು ಅಪ್ಪ, ಹಣೆ ಮೇಲೆ ಬಿಳಿ ಚುಕ್ಕೆ ಇದೆಯಂತೆ ಅಂದೆ. ಮತ್ತೆ ಕಣ್ಣು ಮೇಲೆತ್ತಿದರು. ಇನ್ನೇನೋ ಕೇಳಬೇಕಿತ್ತು ಅನ್ನಿಸುತ್ತದೆ, 'ಹ' ಅಕ್ಷರದವರೆಗೆ ಬಂದೆವು, ಅಷ್ಟರಲ್ಲಿ ಸಮಯ ಮುಗಿಯಿತು. ಸಂಜೆ ಐದಕ್ಕೆ ಮತ್ತೆ ಬಿಡುತ್ತಾರೆ. ಅಮ್ಮ ಹಾಲು ಅಂತ ಇರಬೇಕು ಅನ್ನುತ್ತಿದ್ದಾರೆ. ನಾನು ಏನೂ ಅಂದುಕೊಳ್ಳದೆ ಕಾಯುತ್ತಿದ್ದೇನೆ.